ಕೊಟ್ಟ ವೇಳೆಯೂ ಕೊಟ್ಟ ಮಾತೇ



ಶಿವನಿಗೆ ಮಹಾಕಾಲನೆಂಬ ಹೆಸರುಂಟು. ಕಾಲವು ಆತನ ಅಧೀನ. ನಾವು ಕಾಲದ ಅಧೀನ. ಹಣ ಕಳೆದುಕೊಂಡವನು ದುಡಿದು ಮತ್ತೆ ಗಳಿಸಬಲ್ಲ. ಬೆಳೆ ಕಳೆದುಕೊಂಡವನು ಮುಂದಿನ ಮಳೆಗೆ ಬಿತ್ತಬಲ್ಲ. ಕಳೆದ ಹೊತ್ತನ್ನು ಮಾತ್ರ ಯಾವ ಶ್ರೀಮಂತನೂ ಯಾವ ಪಂಡಿತನೂ ಮರಳಿ ತಂದದ್ದಿಲ್ಲ. ಒಬ್ಬರ ಹಣವನ್ನು ಕದ್ದವನನ್ನು ನಾವು ಕಳ್ಳನೆಂದು ಕರೆದು ಪಂಚರ ಮುಂದೆ ನಿಲ್ಲಿಸುತ್ತೇವೆ. ಒಬ್ಬರ ಹೊತ್ತನ್ನು ಕದ್ದವನನ್ನು ಮಾತ್ರ ಬನ್ನಿ ಕೂಡ್ರಿ ಎಂದು ಚಹಾ ಕೊಟ್ಟು ಕಳಿಸುತ್ತೇವೆ. ಇದು ಯೋಚಿಸಬೇಕಾದ ಮಾತು.

ನಮ್ಮ ಸೀಮೆಯ ಮನೆಗಳಲ್ಲಿ ನಡೆಯುವುದನ್ನೇ ನೋಡಿರಿ. ಹೆಣ್ಣು ನೋಡಲು ಬೆಳಿಗ್ಗೆ ಹತ್ತಕ್ಕೆ ಬರುವೆವೆಂದು ಬೀಗರ ಕಡೆಯವರು ಹೇಳಿ ಕಳಿಸಿರುತ್ತಾರೆ. ಹೆಣ್ಣಿನ ಮನೆಯಲ್ಲಿ ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಸಾರಿಸಿ, ಹೋಳಿಗೆಗೆ ಹೂರಣ ರುಬ್ಬಿ, ಮಗಳಿಗೆ ಸೀರೆ ಉಡಿಸಿ ಕೂಡ್ರಿಸಿರುತ್ತಾರೆ. ಹತ್ತಾಗುತ್ತದೆ, ಹನ್ನೆರಡಾಗುತ್ತದೆ, ಹೊತ್ತು ಇಳಿಯುತ್ತದೆ. ತಂದೆ ಹತ್ತು ಸಲ ಹೊರಗೆ ಹೋಗಿ ದಾರಿ ನೋಡಿ ಬರುತ್ತಾನೆ. ಓಣಿಯವರು ಕೇಳತೊಡಗುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಗಾಡಿ ಬಂದು ನಿಲ್ಲುತ್ತದೆ. ಇಲ್ಲವೇ ಬರುವುದೇ ಇಲ್ಲ. ಆ ದಿನ ಆ ಮಗಳ ಮನಸ್ಸಿಗೆ ಆದ ಗಾಯವನ್ನು ಯಾರು ಅಳೆದರು? ಬರಲಾಗದಿದ್ದರೆ ಒಂದು ಮಾತು ಹೇಳಿ ಕಳಿಸುವುದು ಅಷ್ಟು ಕಷ್ಟವಾಗಿತ್ತೇ?

ಈ ವಿಷಯವನ್ನು ಯೋಚಿಸಿದಾಗಲೆಲ್ಲ ನಮ್ಮ ಮನಸ್ಸಿಗೆ ಬರುವ ಹಿರಿಯರು ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು ವೀರಶೈವರಲ್ಲ, ಬೇರೆ ಸಂಪ್ರದಾಯದ ಮನೆಯಲ್ಲಿ ಹುಟ್ಟಿದವರು. ಆದರೆ ಸದಾಚಾರಕ್ಕೆ ಬೇಲಿಯಿಲ್ಲ. ಒಳ್ಳೆಯ ನಡತೆ ಯಾವ ಮನೆಯಲ್ಲಿ ಕಂಡರೂ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುವುದು ಶರಣಧರ್ಮ. ಅವರು ಕಟ್ಟಿದ ಅಣೆಕಟ್ಟನ್ನು ಎಲ್ಲರೂ ಹೊಗಳುತ್ತಾರೆ. ಅವರು ತಮ್ಮ ದಿನಕ್ಕೆ ಕಟ್ಟಿಕೊಂಡ ಕಟ್ಟನ್ನು ನೋಡುವವರು ಕಡಿಮೆ. ಇಂದು ಅದನ್ನೇ ನೋಡೋಣ.

ಕೋಲಾರ, ಚಿಕ್ಕಬಳ್ಳಾಪುರಗಳ ಬರಡು ಸೀಮೆಯಲ್ಲಿ ನಂದಿಬೆಟ್ಟದ ಹತ್ತಿರ ಮುದ್ದೇನಹಳ್ಳಿ ಎಂಬ ಚಿಕ್ಕ ಊರಿದೆ. 1860ರ ಆಸುಪಾಸಿನಲ್ಲಿ, ಸೆಪ್ಟೆಂಬರ್ 15ರಂದು ಅವರು ಅಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ಆದರೆ ಕೈಯಲ್ಲಿ ಕಾಸಿಲ್ಲದವರು. ಮಗ ಇನ್ನೂ ಹುಡುಗನಿರುವಾಗಲೇ ಅವರು ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರ ಧೈರ್ಯದಿಂದ ಹುಡುಗ ಬೆಂಗಳೂರಿಗೆ ಹೋದ, ಸೋದರಮಾವನ ಆಸರೆಯಲ್ಲಿ ಓದಿದ. ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ತನ್ನ ಖರ್ಚು ತಾನೇ ನೋಡಿಕೊಂಡ. ಒಂದು ಮನೆಯಲ್ಲಿ ಪಾಠ, ಇನ್ನೊಂದು ಮನೆಯಲ್ಲಿ ಊಟ, ನಡುವೆ ಸೆಂಟ್ರಲ್ ಕಾಲೇಜು. ಎಲ್ಲವೂ ಕಾಲ್ನಡಿಗೆ. ಹೀಗೆ ನಾಲ್ಕು ಕಡೆಗೆ ನಡೆಯುವ ಬಡ ಹುಡುಗ ಒಂದು ಕಡೆ ತಡಮಾಡಿದರೆ ನಾಲ್ಕೂ ಕಡೆ ಕೆಡುತ್ತದೆ. ಹೊತ್ತಿನ ಬೆಲೆಯನ್ನು ಬಡತನ ಕಲಿಸುವಷ್ಟು ಚೆನ್ನಾಗಿ ಯಾವ ಗುರುವೂ ಕಲಿಸಲಾರ.

ಬಿ.ಎ. ಮುಗಿದ ಮೇಲೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ 1883ರ ಪರೀಕ್ಷೆಯಲ್ಲಿ ಮೊದಲಿಗರಾದರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಅಂದು ನಮ್ಮ ವಿಜಾಪುರ ಜಿಲ್ಲೆಯೂ ಅದೇ ಮುಂಬಯಿ ಇಲಾಖೆಯಲ್ಲಿತ್ತು. ಬೀಳಗಿ ಆ ಜಿಲ್ಲೆಗೆ ಸೇರಿತ್ತು. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದವು. ನಾಸಿಕ, ಖಾನದೇಶ, ಪುಣೆ, ಸಿಂಧದ ಸಕ್ಕರ ಎಂದು ಸುಮಾರು 24 ವರ್ಷ ಅವರು ನೀರಿನ ಕೆಲಸದಲ್ಲೇ ಸವೆಸಿದರು. 1903ರಲ್ಲಿ ಪುಣೆಯ ಹತ್ತಿರದ ಖಡಕವಾಸ್ಲಾ ಕೆರೆಗೆ ತಾನಾಗಿ ತೆರೆದು ತಾನಾಗಿ ಮುಚ್ಚುವ ಬಾಗಿಲುಗಳನ್ನು ಕೂಡ್ರಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಬಂದಾಗ ತೆರೆಯಬೇಕು, ಇಳಿದಾಗ ಮುಚ್ಚಬೇಕು. ತಡವಾದರೆ ಕಟ್ಟೆ ಒಡೆಯುತ್ತದೆ, ಮೊದಲೇ ತೆರೆದರೆ ನೀರು ವ್ಯರ್ಥ. ನೀರಿನ ಕೆಲಸ ಮಾಡಿದವನಿಗೆ ಕಾಲದ ಮರ್ಮ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಕೃಷ್ಣಾ ದಂಡೆಯ ರೈತರಿಗೆ ಈ ಮಾತು ಬೇಗ ತಿಳಿಯುತ್ತದೆ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ಹಣ ಹಾಕಿ, ಮೈಮುರಿದು ದುಡಿದು ಬಾಂದಾರ ಕಟ್ಟಿಕೊಂಡ ಸೀಮೆ ಇದು. ಹೊಳೆಗೆ ನೀರು ಬರುವ ಮೊದಲು ಕೆಲಸ ಮುಗಿಯಬೇಕೆಂಬ ಅರಿವು ಇಲ್ಲಿಯ ಹಿರಿಯರಿಗೆ ಹೊಸತಲ್ಲ.

1898ರಲ್ಲಿ ವಿಶ್ವೇಶ್ವರಯ್ಯನವರು ರಜೆ ಹಾಕಿ ಜಪಾನ್ ದೇಶಕ್ಕೆ ಹೋಗಿ ಬಂದರು. ಒಂದು ಚಿಕ್ಕ ದೇಶ ಶಿಸ್ತು ಮತ್ತು ದುಡಿಮೆಯಿಂದ ಹೇಗೆ ಮೇಲೇಳುತ್ತದೆ ಎಂಬುದನ್ನು ಕಣ್ಣಾರೆ ಕಂಡರು. 1908ರಲ್ಲಿ ಮುಂಬಯಿ ಸರಕಾರದ ಕೆಲಸ ಬಿಟ್ಟು ಯುರೋಪಿಗೆ ಹೋಗಿದ್ದಾಗ ಹೈದರಾಬಾದಿನಲ್ಲಿ ಮೂಸಿ ನದಿಯ ಭೀಕರ ಪ್ರವಾಹ ಬಂತು. ಸಾವಿರಾರು ಜನ ಸತ್ತರು. ನಿಜಾಮರ ಸರಕಾರ ಅವರನ್ನು ಕರೆಯಿತು. ಕೈಗೊಂಡ ಪ್ರವಾಸ ಮುಗಿಸಿ 1909ರ ಏಪ್ರಿಲ್‌ನಲ್ಲಿ ಬಂದು ಕೆಲಸಕ್ಕೆ ಕೂತರು. ಅದೇ ವರ್ಷ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾಯಿತು. 1912ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು ಅವರ ಕಾಲದಲ್ಲೇ.

ಇಷ್ಟು ಕೆಲಸ ಆರು ವರ್ಷದಲ್ಲಿ ಹೇಗಾಯಿತೆಂದು ಕೇಳಿದರೆ ಉತ್ತರ ಅವರ ದಿನಚರಿಯಲ್ಲಿದೆ. ಏಳುವುದು, ನಡೆದಾಡುವುದು, ಓದುವುದು, ಮಿತವಾಗಿ ಉಣ್ಣುವುದು ಎಲ್ಲಕ್ಕೂ ಗೊತ್ತಾದ ಹೊತ್ತಿತ್ತು. ಅವರನ್ನು ಕಾಣಬೇಕೆನ್ನುವವರು ಮೊದಲೇ ವೇಳೆ ಕೇಳಿಕೊಳ್ಳಬೇಕಿತ್ತು. ಅವರು ಕೊಟ್ಟ ವೇಳೆಗೆ ಹೋದವನು ಕಾಯಬೇಕಾಗಿರಲಿಲ್ಲ. ಆ ಹೊತ್ತಿಗೆ ಅವರು ಕೋಟು ತೊಟ್ಟು, ಜರಿಯ ಪೇಟ ಧರಿಸಿ, ಬೇಕಾದ ಕಾಗದ ಎದುರಿಗಿಟ್ಟುಕೊಂಡು ಸಿದ್ಧರಾಗಿರುತ್ತಿದ್ದರು. ಬಂದವನು ದೊಡ್ಡ ಅಧಿಕಾರಿಯೇ ಇರಲಿ, ಸಣ್ಣ ಗುಮಾಸ್ತನೇ ಇರಲಿ, ಉಡುಪಿನಲ್ಲಿ ಭೇದವಿಲ್ಲ. ತೊಂಬತ್ತು ದಾಟಿದ ಮೇಲೆ ಬೆಂಗಳೂರಿನ ಮನೆಯಲ್ಲಿ ವಿಶ್ರಾಂತರಾಗಿದ್ದಾಗಲೂ ಈ ಕ್ರಮ ತಪ್ಪಲಿಲ್ಲ.

ಕೆಲವರಿಗೆ ಇದು ಬಿಗುಮಾನವೆಂದು ತೋರಿತು. ಮನೆಗೆ ಬರುವವನಿಗೂ ಗಡಿಯಾರ ತೋರಿಸಬೇಕೇ ಎಂದು ಆಡಿಕೊಂಡವರಿದ್ದರು. ಆದರೆ ಯೋಚಿಸಿ ನೋಡಿರಿ. ಬಂದವನನ್ನು ಎರಡು ತಾಸು ಪಡಸಾಲೆಯಲ್ಲಿ ಕೂಡ್ರಿಸಿ, ಆಮೇಲೆ ನಗುತ್ತ ಹೊರಬಂದು ಹೆಗಲ ಮೇಲೆ ಕೈ ಹಾಕುವುದು ಪ್ರೀತಿಯೋ, ಅವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುವುದು ಪ್ರೀತಿಯೋ? ಮೊದಲನೆಯದರಲ್ಲಿ ನನ್ನ ಹೊತ್ತು ದೊಡ್ಡದು, ನಿನ್ನದು ಸಣ್ಣದು ಎಂಬ ಗರ್ವ ಅಡಗಿದೆ. ಎರಡನೆಯದರಲ್ಲಿ ನೀನೂ ನಾನೂ ಸಮಾನರು ಎಂಬ ವಿನಯವಿದೆ. ನಮ್ಮ ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದೊಂದಿದೆ. ತಾನು ಎಲ್ಲ ಶರಣರ ಭೃತ್ಯನೆಂದು ತಿಳಿದು ಬಾಗಿ ನಡೆಯುವುದು ಅದರ ಅರ್ಥ. ಒಬ್ಬರ ವೇಳೆಯನ್ನು ಗೌರವಿಸುವವನು ಅರಿತೋ ಅರಿಯದೆಯೋ ಭೃತ್ಯಾಚಾರವನ್ನೇ ಆಚರಿಸುತ್ತಾನೆ.

ಸಮಾನತೆಯ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳಬೇಕು. ಆ ಕಾಲದಲ್ಲಿ ಮೈಸೂರು ದಸರೆಯ ದರ್ಬಾರಿನಲ್ಲಿ ಯುರೋಪಿನವರಿಗೆ ಕುರ್ಚಿ, ನಮ್ಮವರಿಗೆ ನೆಲದ ಮೇಲಿನ ಆಸನ ಎಂಬ ಪದ್ಧತಿಯಿತ್ತು. ಮುಖ್ಯ ಇಂಜಿನಿಯರರಾಗಿ 1910ರಲ್ಲಿ ಅವರು ಅದನ್ನು ನೋಡಿದರು. ಅಲ್ಲಿ ಜಗಳ ಮಾಡಲಿಲ್ಲ, ಎದ್ದು ಹೋಗಲಿಲ್ಲ. ಮುಂದಿನ ವರ್ಷ ಆಮಂತ್ರಣ ಬಂದಾಗ ದರ್ಬಾರಿಗೆ ಹೋಗಲಿಲ್ಲ. ಕಾರಣ ಕೇಳಿದಾಗ ಮುಚ್ಚುಮರೆಯಿಲ್ಲದೆ ತಿಳಿಸಿದರು. ಆಮೇಲೆ ಎಲ್ಲರಿಗೂ ಕುರ್ಚಿಯ ವ್ಯವಸ್ಥೆಯಾಯಿತೆಂದು ಅವರ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಕರೆದವರ ಮನೆಗೆ ಹೋಗುವುದು ಸೌಜನ್ಯ. ಹೋಗಲಾಗದಿದ್ದರೆ ಅದಕ್ಕೆ ಕಾರಣವನ್ನು ನಿಜವಾಗಿ ಹೇಳುವುದು ಇನ್ನೂ ದೊಡ್ಡ ಸೌಜನ್ಯ. ನಾವು ಬಹಳ ಜನ ಕರೆದವರ ಎದುರಿಗೆ ಖಂಡಿತ ಬರುವೆನೆಂದು ತಲೆಯಾಡಿಸಿ, ಆ ದಿನ ಸುಳಿಯುವುದೇ ಇಲ್ಲ. ಇಲ್ಲವೆಂದರೆ ಅವರಿಗೆ ನೋವಾದೀತೆಂದು ಹೌದೆನ್ನುವುದು ದಯೆಯಲ್ಲ. ಅದು ನೋವನ್ನು ಆ ದಿನಕ್ಕೆ ಮುಂದೂಡುವುದು ಮಾತ್ರ. ಎಲೆ ಹಾಕಿ ಕಾಯ್ದವರಿಗೆ ಅದರ ಕಹಿ ಗೊತ್ತು.

ದಿವಾನಗಿರಿಯನ್ನು ಒಪ್ಪಿಕೊಳ್ಳುವ ಮೊದಲು ಅವರು ಬಂಧುಗಳನ್ನೆಲ್ಲ ಊಟಕ್ಕೆ ಕರೆದರೆಂದು ಹೇಳುತ್ತಾರೆ. ಊಟವಾದ ಮೇಲೆ, ತಮ್ಮ ಹತ್ತಿರ ಯಾರೂ ಶಿಫಾರಸಿಗೆ ಬರಕೂಡದೆಂದು ಕೇಳಿಕೊಂಡರಂತೆ. ಅವರು ಒಪ್ಪಿದ ಮೇಲೆಯೇ ಅಧಿಕಾರ ವಹಿಸಿಕೊಂಡರಂತೆ. ಇದರಲ್ಲಿ ಕಾಣುವುದು ಪ್ರಾಮಾಣಿಕತೆ ಮಾತ್ರವಲ್ಲ. ಯಾವ ಕೆಲಸಕ್ಕೆ ಯಾರ ಬಾಗಿಲಿಗೆ ಹೋಗಬೇಕು, ಯಾವುದಕ್ಕೆ ಹೋಗಬಾರದು ಎಂಬ ವಿವೇಕವೂ ಇದರಲ್ಲಿದೆ. ಹೊತ್ತಿಗೆ ಸರಿಯಾಗಿ ಹೋದರೂ ತಪ್ಪು ಕೆಲಸಕ್ಕೆ ಹೋದರೆ ಅದು ಭೇಟಿಯಲ್ಲ, ಬಾಧೆ.

1918ರ ಕೊನೆಗೆ ಅವರು ದಿವಾನ ಹುದ್ದೆಯನ್ನು ಬಿಟ್ಟರು. ಹಿಂದುಳಿದ ಸಮಾಜಗಳಿಗೆ ಸರಕಾರಿ ನೌಕರಿಯಲ್ಲಿ ಪಾಲು ಕೊಡುವ ವಿಷಯದಲ್ಲಿ ಮಹಾರಾಜರಿಗೂ ಅವರಿಗೂ ಅಭಿಪ್ರಾಯ ಕೂಡಲಿಲ್ಲ. ಆ ವರ್ಷ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಈ ವಿಷಯದಲ್ಲಿ ಮಹಾರಾಜರ ದಾರಿಯೇ ಸರಿಯಾಗಿತ್ತೆಂದು ಮುಂದಿನ ಕಾಲ ತೋರಿಸಿತು; ಆ ದಾರಿಯಿಂದಲೇ ಎಷ್ಟೋ ಮನೆಗಳಲ್ಲಿ ದೀಪ ಹತ್ತಿತು. ದೊಡ್ಡವರ ಎಲ್ಲ ಅಭಿಪ್ರಾಯವನ್ನೂ ಒಪ್ಪಬೇಕೆಂಬ ನಿಯಮವಿಲ್ಲ. ಆದರೆ ಅವರು ಬಿಟ್ಟುಹೋದ ರೀತಿಯನ್ನು ನೋಡಿರಿ. ಒಡೆಯರ ಮೇಲೆ ಬೀದಿಯಲ್ಲಿ ಮಾತಾಡಲಿಲ್ಲ. ಬಾಗಿಲನ್ನು ಬಡಿದು ಹೋಗಲಿಲ್ಲ. ಆದ್ದರಿಂದಲೇ ಮುಂದೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕಷ್ಟದಲ್ಲಿದ್ದಾಗ ಅದೇ ಮಹಾರಾಜರು ಕರೆಯಲು, ಅವರು ಬರಲು ಸಾಧ್ಯವಾಯಿತು. ಬರುವ ರೀತಿ ಹೇಗೋ ಹೋಗುವ ರೀತಿಯೂ ಹಾಗೆ ಚೆನ್ನಾಗಿರಬೇಕು. ಚೆನ್ನಾಗಿ ಹೋದವನಿಗೆ ಮತ್ತೆ ಬರಲು ದಾರಿಯಿರುತ್ತದೆ.

ಅವರ ಬಗ್ಗೆ ಜನ ಹೇಳುವ ಇನ್ನೊಂದು ಪ್ರಸಂಗ ನಮಗೆ ಬಹಳ ಮೆಚ್ಚುಗೆಯಾದದ್ದು. ಒಂದು ಹಳ್ಳಿಯ ಶಾಲೆಗೆ ಅವರು ಹೋದಾಗ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಮಾಸ್ತರರು ಕೇಳಿಕೊಂಡರು. ಸಿದ್ಧತೆಯಿಲ್ಲದೆ ಏನೋ ಹೇಳಿ ಬಂದರು. ಮನಸ್ಸಿಗೆ ಸಮಾಧಾನವಾಗಲಿಲ್ಲ. ಕೆಲವು ದಿನಗಳ ಮೇಲೆ ಸರಿಯಾಗಿ ಸಿದ್ಧರಾಗಿ, ಮಕ್ಕಳಿಗೆ ಮಿಠಾಯಿಯನ್ನೂ ತೆಗೆದುಕೊಂಡು ಮತ್ತೆ ಅದೇ ಶಾಲೆಗೆ ಹೋಗಿ ಮಾತಾಡಿ ಬಂದರಂತೆ. ದೊರೆಗಳ ಮುಂದೆ ಸಿದ್ಧವಾಗಿ ಹೋಗುವವರು ಬಹಳ. ಹಳ್ಳಿಯ ಮಕ್ಕಳ ಮುಂದೆ ಸಿದ್ಧವಾಗಿ ಹೋಗಬೇಕೆಂದು ಬಗೆದವರು ಎಷ್ಟು ಜನ? ಸಭೆಗಳಲ್ಲಿ ಶಾಲೆಯ ಮಕ್ಕಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿ, ಅತಿಥಿಗಳು ಬರುವವರೆಗೆ ಮೂರು ತಾಸು ಕಾಯಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಮಕ್ಕಳು ಅಂದು ಕಲಿಯುವ ಪಾಠವೇನು? ದೊಡ್ಡವನಾಗುವುದೆಂದರೆ ಬೇರೆಯವರನ್ನು ಕಾಯಿಸುವುದು ಎಂದಲ್ಲವೇ?

1952ರಲ್ಲಿ ಗಂಗಾನದಿಗೆ ಬಿಹಾರದಲ್ಲಿ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆ ಬಂದಾಗ ಭಾರತ ಸರಕಾರ ಈ ವೃದ್ಧರನ್ನೇ ಕೇಳಿತು. ಆಗ ಅವರ ವಯಸ್ಸು ತೊಂಬತ್ತು ದಾಟಿತ್ತು. ತಾವೇ ಹೋಗಿ ಸ್ಥಳಗಳನ್ನು ನೋಡಿ ಮೊಕಾಮೆಯ ಹತ್ತಿರ ಕಟ್ಟುವುದು ಯೋಗ್ಯವೆಂದು ಹೇಳಿದರು. ಆ ಸೇತುವೆ 1959ರಲ್ಲಿ ಪೂರ್ಣವಾಯಿತು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಬಂತು. ಅದನ್ನು ಸ್ವೀಕರಿಸಲು ದಿಲ್ಲಿಗೆ ಹೋದಾಗ ರಾಷ್ಟ್ರಪತಿ ಭವನದಲ್ಲಿ ಅತಿಥಿಯಾಗಿ ಉಳಿದರು. ಅತಿಥಿಗಳು ಅಲ್ಲಿ ಮೂರು ದಿನ ಉಳಿಯುವ ನಿಯಮವಿತ್ತೆಂದೂ, ಮೂರು ದಿನ ಮುಗಿದ ಕೂಡಲೇ ಅವರು ಹೊರಟು ನಿಂತರೆಂದೂ, ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಇನ್ನೂ ಇರಬೇಕೆಂದು ಕೇಳಿಕೊಂಡರೂ ನಿಯಮ ಮೀರಲು ಒಪ್ಪಲಿಲ್ಲವೆಂದೂ ಹೇಳುತ್ತಾರೆ. ಮನೆಯೊಡೆಯ ಇರೆಂದು ಕೇಳುವಾಗಲೇ ಹೊರಡುವುದು ಅತಿಥಿಯ ಧರ್ಮ. ಮನೆಯೊಡೆಯ ಯಾವಾಗ ಹೊರಡುವಿರೆಂದು ಮನಸ್ಸಿನಲ್ಲಿ ಎಣಿಸುವವರೆಗೆ ಕೂಡ್ರಬಾರದು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷದ ತುಂಬುಬಾಳನ್ನು ಬಾಳಿ, ಈ ಲೋಕವೆಂಬ ಛತ್ರದಿಂದಲೂ ಅವರು ಹಾಗೆಯೇ ಅಚ್ಚುಕಟ್ಟಾಗಿ ಎದ್ದುಹೋದರು. ಅವರ ಜನ್ಮದಿನವನ್ನು ಇಂದಿಗೂ ದೇಶ ಇಂಜಿನಿಯರರ ದಿನವೆಂದು ಆಚರಿಸುತ್ತದೆ.

ಭಕ್ತರೇ, ವೇಳೆಯ ನಿಯಮ ಪಟ್ಟಣದವರದು, ಸಾಹೇಬರದು, ನಮ್ಮ ಹಳ್ಳಿಗೆ ಅದು ಹೊಂದುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಇದು ಸರಿಯಲ್ಲ. ತ್ರಿಕಾಲ ಲಿಂಗಪೂಜೆಯನ್ನು ವಿಧಿಸಿದ ಧರ್ಮ ನಮ್ಮದು. ಜಂಗಮರನ್ನು ಮನೆಗೆ ಕರೆಯುವಾಗ ಹಿಂದಿನ ದಿನವೇ ಹೋಗಿ ಬಿನ್ನಹ ಮಾಡಿಕೊಂಡು ಬರುವ ರೂಢಿ ನಮ್ಮದು. ಬಿನ್ನಹವೆಂದರೇನು? ನಿಮಗೆ ಅನುಕೂಲವಿದೆಯೇ, ದಯಮಾಡಿಸುವಿರಾ ಎಂದು ಮೊದಲು ಕೇಳುವುದು. ಒಪ್ಪಿದ ಜಂಗಮನು ಹೊತ್ತಿಗೆ ಬರಬೇಕು. ಕರೆದ ಭಕ್ತನು ಪಾದೋದಕಕ್ಕೆ ನೀರು, ಪೂಜೆಗೆ ಪತ್ರಿ ಸಿದ್ಧಮಾಡಿಕೊಂಡು ನಿಂತಿರಬೇಕು. ಕೇಳುವ ವಿನಯ, ಒಪ್ಪುವ ಪ್ರೀತಿ, ಕಾಯುವ ಶ್ರದ್ಧೆ, ಬರುವ ನಿಷ್ಠೆ ನಾಲ್ಕೂ ಇದರಲ್ಲಿ ಕೂಡಿವೆ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ನೆನೆಯಿರಿ. ಅವರು ಶರಣರ ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ ಕಾಯಕದ ಹೊತ್ತು ಮೀರಿತು. ಹೆಂಡತಿ ಲಕ್ಕಮ್ಮನವರು ಅದನ್ನು ನೆನಪಿಸಿದರು. ಅವರು ಬೇಸರಿಸಲಿಲ್ಲ, ಎದ್ದು ಕಾಯಕಕ್ಕೆ ನಡೆದರು. ಕೂತದ್ದು ಎಂಥ ಪವಿತ್ರ ಸಭೆಯಲ್ಲಿ! ಆದರೂ ಏಳುವ ಹೊತ್ತಿಗೆ ಏಳಬೇಕೆಂದು ಆ ತಾಯಿ ಕಲಿಸಿದರು.

ಹೊತ್ತು ಕೆಟ್ಟರೆ ಕೆಡುವುದು ಬಡವನ ಅನ್ನ. ರಬಕವಿ–ಬನಹಟ್ಟಿಯ ನೇಕಾರನ ಮನೆಗೆ ಹೇಳದೆ ಕೇಳದೆ ಹೋಗಿ ಎರಡು ತಾಸು ಹರಟೆ ಹೊಡೆದರೆ, ನಮ್ಮ ಮೇಲಿನ ಗೌರವಕ್ಕಾಗಿ ಅವನು ಮಗ್ಗ ನಿಲ್ಲಿಸಿ ಕೂಡ್ರುತ್ತಾನೆ. ಲಾಳಿ ನಿಂತಷ್ಟು ಹೊತ್ತು ಅವನ ಕೂಲಿಯೂ ನಿಲ್ಲುತ್ತದೆ. ಆ ಕೂಲಿಯನ್ನು ನಾವು ತುಂಬಿಕೊಡುತ್ತೇವೆಯೇ? ಮುಧೋಳ ಸೀಮೆಯಲ್ಲಿ ನಾಳೆ ಬರುತ್ತೇವೆಂದು ಹೇಳಿದ ಕಬ್ಬು ಕಡಿಯುವ ಗ್ಯಾಂಗಿನವರು ಎಂಟು ದಿನ ಬರದಿದ್ದರೆ ನಿಂತ ಕಬ್ಬಿನ ತೂಕ ಇಳಿಯುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟ ಬೀಳಗಿ ಭಾಗದ ಹಿರಿಯರನ್ನು ಕೇಳಿರಿ. ಕಚೇರಿಯ ಕಟ್ಟೆಯ ಮೇಲೆ ಬುತ್ತಿಗಂಟು ಹಿಡಿದು, ಸಾಹೇಬರು ಬರುವ ದಾರಿ ನೋಡುತ್ತ ದಿನಗಳನ್ನು ಕಳೆಯುವುದೆಂದರೆ ಏನೆಂಬುದನ್ನು ಅವರು ಹೇಳುತ್ತಾರೆ. ಕಾಯಿಸುವವನಿಗೆ ಅದು ಒಂದು ದಿನ. ಕಾಯುವವನಿಗೆ ಅದು ಬಸ್ಸಿನ ಖರ್ಚು, ಹೋದ ಕೂಲಿ, ಮನೆಯಲ್ಲಿ ಉರಿಯದ ಒಲೆ.

ಆದ್ದರಿಂದ ನಾವು ಭಕ್ತರಿಗೆ ಹೇಳುವುದಿಷ್ಟು. ಒಬ್ಬರ ಮನೆಗೆ ಹೋಗುವ ಮೊದಲು ಅವರ ಅನುಕೂಲ ಕೇಳಿರಿ. ಈಗ ಎಲ್ಲರ ಕಿಸೆಯಲ್ಲಿ ಮೊಬೈಲಿದೆ; ತಿಳಿಸಲಾಗಲಿಲ್ಲವೆಂಬ ನೆಪ ಇನ್ನು ನಡೆಯುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ ಎಂದು ಸಡಿಲಾಗಿ ಹೇಳದೆ ಇಂಥ ಗಂಟೆಗೆಂದು ಹೇಳಿರಿ. ದಾರಿಯಲ್ಲಿದ್ದೇನೆಂದು ಮನೆಯಲ್ಲೇ ಕೂತು ಹೇಳಬೇಡಿರಿ. ಅದು ಸಣ್ಣ ಸುಳ್ಳಲ್ಲ. ತಡವಾಗುವುದಾದರೆ ಅವರು ಕಾಯತೊಡಗುವ ಮೊದಲೇ ತಿಳಿಸಿರಿ. ಬಂದ ಕೆಲಸ ಮುಗಿದ ಮೇಲೆ ಎದ್ದು ನಿಲ್ಲಿರಿ. ರೋಗಿಯ ಮನೆಯಲ್ಲಿ, ಬಾಣಂತಿಯ ಮನೆಯಲ್ಲಿ, ಪರೀಕ್ಷೆಗೆ ಓದುವ ಮಕ್ಕಳ ಮನೆಯಲ್ಲಿ ಇನ್ನೂ ಬೇಗ ಏಳಿರಿ. ನಿಮ್ಮ ಮನೆಗೆ ಯಾರಾದರೂ ಹೇಳಿ ಬರುವಾಗ ನೀವು ಸಿದ್ಧರಾಗಿರಿ. ಶ್ರೀಮಂತನಿಗೆ ಒಂದು ಗಡಿಯಾರ, ಬಡವನಿಗೆ ಇನ್ನೊಂದು ಗಡಿಯಾರ ಇಟ್ಟುಕೊಳ್ಳಬೇಡಿರಿ.

ಹೇಳದೆ ಬಂದವರಿಗೆ ಬಾಗಿಲು ಹಾಕಬೇಕೆಂದು ಇದರ ಅರ್ಥವಲ್ಲ. ಹಸಿದು ಬಂದವನಿಗೆ, ಕಷ್ಟದಲ್ಲಿ ಓಡಿ ಬಂದವನಿಗೆ ವೇಳೆಯ ನಿಯಮವಿಲ್ಲ. ಅವರಿಗೆ ನಡುರಾತ್ರಿಯಲ್ಲೂ ಕದ ತೆರೆಯುವುದು ದಾಸೋಹಧರ್ಮ. ನಿಯಮವಿರುವುದು ಬಿಡುವಾಗಿ ಹೋಗುವ ನಮಗೆ, ತೊಂದರೆಯಲ್ಲಿ ಬರುವ ಅವರಿಗಲ್ಲ. ಈ ಭೇದವನ್ನು ಅರಿತು ನಡೆದರೆ ವೇಳೆ ಶಿಸ್ತಾಗಿ ಉಳಿಯುವುದಿಲ್ಲ, ಕರುಣೆಯಾಗುತ್ತದೆ.

ಮುದ್ದೇನಹಳ್ಳಿಯ ಆ ಹಿರಿಯರಂತೆ ಅಣೆಕಟ್ಟು ಕಟ್ಟುವ ಶಕ್ತಿ ನಮಗೆಲ್ಲರಿಗೂ ಇರಲಾರದು. ಹತ್ತಕ್ಕೆ ಬರುವೆನೆಂದು ಹೇಳಿ ಹತ್ತಕ್ಕೆ ಹೋಗುವ ಶಕ್ತಿ ಎಲ್ಲರಿಗೂ ಇದೆ. ಈ ವಾರ ಯಾರ ಮನೆಗೆ ಹೋಗುವುದಿದೆಯೋ ಅಲ್ಲಿಂದಲೇ ಪ್ರಾರಂಭಿಸಿರಿ. ಅಂಗಳ ಸಾರಿಸಿಕೊಂಡು ದಾರಿ ನೋಡುವ ಆ ತಂದೆಗೆ, ಸೀರೆಯುಟ್ಟು ಕೂತ ಆ ಮಗಳಿಗೆ ನೀವು ಹೊತ್ತಿಗೆ ಸರಿಯಾಗಿ ಕಾಣಿಸಿಕೊಂಡರೆ ಅದೂ ಒಂದು ಶಿವಪೂಜೆಯೇ.

ಮಹಾಕಾಲನಾದ ಪರಶಿವನು ನಿಮಗೆಲ್ಲರಿಗೂ ಹೊತ್ತನ್ನು ಅರಿತು ನಡೆಯುವ ಸದ್ಬುದ್ಧಿಯನ್ನು ಕರುಣಿಸಲೆಂದು ಹಾರೈಸುತ್ತೇವೆ.